ಪಿಯಾನೊದಲ್ಲಿ ‘ಹ್ಯಾಪಿ ಬರ್ತ್‌ಡೇ’: ಕೈ ತಪ್ಪುವುದೆಲ್ಲಿ?

ಕೀಬೋರ್ಡ್ ಕೊಂಡ ವಾರದಲ್ಲೇ ಮನೆಯವರು ‘ಎಲ್ಲಿ, ನುಡಿಸು ನೋಡೋಣ’ ಅನ್ನುವ ಹಾಡು ಇದು. ಎಂಟೇ ಬಾರ್ (ತಾಳದ ಸುತ್ತು), ಒಂದೂ ಕಪ್ಪು ಕೀ ಬೇಡ. ಆದರೂ ತಾಳ ತಪ್ಪುವುದು ಮೊದಲ ಎರಡು ಸ್ವರಗಳಲ್ಲೇ.

ಇದು ಮೂರೆಣಿಕೆಯ ಹಾಡು. ‘ಹ್ಯಾಪಿ’ ಮೂರನೇ ಎಣಿಕೆಗೆ ಬರುತ್ತದೆ, ‘ಬರ್ತ್’ ಒಂದಕ್ಕೆ. ‘ಒಂದು, ಎರಡು’ ಎಂದು ಬಾಯಲ್ಲಿ ಎಣಿಸಿ, ಮೂರಕ್ಕೆ ಶುರು ಮಾಡಿ. 1893ರಲ್ಲಿ ಅಮೆರಿಕದ ಹಿಲ್ ಸೋದರಿಯರು ಶಿಶುವಿಹಾರದ ಮಕ್ಕಳಿಗೆಂದು ಪ್ರಕಟಿಸಿದ ‘ಗುಡ್ ಮಾರ್ನಿಂಗ್ ಟು ಆಲ್’ ಇದರ ಮೂಲ. ಅಲ್ಲಿ ‘ಗುಡ್’ಗೆ ಒಂದೇ ಸ್ವರ, ‘ಹ್ಯಾಪಿ’ಗಾಗಿ ಅದೇ ಎರಡು ತುಂಡಾಯಿತು. ಅಂದರೆ ‘ಹ್ಯಾ’, ‘ಪಿ’ ಎರಡೂ ಸೇರಿ ಒಂದೇ ಎಣಿಕೆ. ಒಂದೊಂದಕ್ಕೂ ಪೂರ್ತಿ ಎಣಿಕೆ ಕೊಟ್ಟರೆ ಚಪ್ಪಾಳೆಯೇ ಹೊಂದುವುದಿಲ್ಲ.

ಬಲಗೈ ಹೆಬ್ಬೆರಳು ಮಧ್ಯದ ಸಿಯ ಮೇಲಿರುವ ಜಿ ಮೇಲಿರಲಿ. ಬೆರಳಿನ ಲೆಕ್ಕ ಹೆಬ್ಬೆರಳು 1ರಿಂದ ಕಿರುಬೆರಳು 5ರವರೆಗೆ. ಮೊದಲ ಸಾಲು ಜಿ ಜಿ ಎ ಜಿ ಸಿ ಬಿ, ಬೆರಳು 1 1 2 1 4 3. ಎರಡನೆಯದು ಜಿ ಜಿ ಎ ಜಿ ಡಿ ಸಿ, ಬೆರಳು 1 1 2 1 5 4. ಸಂಗೀತ ಕಲಿತವರು ‘ಪಪ ದಪಸನಿ’ ಎಂದು ಹಾಡಿಕೊಳ್ಳಬಹುದು; ಎಲ್ಲವೂ ಶಂಕರಾಭರಣದ ಸ್ವರಗಳೇ.

ಕಷ್ಟವಿರುವುದು ಮೂರನೇ ಸಾಲಿನಲ್ಲಿ: ಜಿ ಜಿ, ಮೇಲಿನ ಜಿ, ಇ ಸಿ ಬಿ ಎ. ಒಂದೇ ನೆಗೆತಕ್ಕೆ ಪೂರ್ತಿ ಸ್ಥಾಯಿ. ಕೈಯನ್ನು ಗಾಳಿಯಲ್ಲಿ ಎಸೆದರೆ ಕಿರುಬೆರಳು ಪಕ್ಕದ ಎಫ್ ಮೇಲೋ ಎ ಮೇಲೋ ಬೀಳುತ್ತದೆ. ಹೆಬ್ಬೆರಳು ಕೆಳಗಿನ ಜಿ ಮೇಲಿರುವಾಗಲೇ ಅಂಗೈ ಅಗಲಿಸಿ ಕಿರುಬೆರಳನ್ನು ಮೇಲಿನ ಜಿಗೆ ತಾಗಿಸಿಟ್ಟುಕೊಳ್ಳಿ. ಈ ಮೂರು ಸ್ವರಗಳನ್ನೇ ಇಪ್ಪತ್ತು ಸಲ ನುಡಿಸಿ. ಆಮೇಲೆ 5 3 1 ಬೆರಳಲ್ಲಿ ಇಳಿದು, ತೋರುಬೆರಳನ್ನು ಹೆಬ್ಬೆರಳ ಮೇಲಿಂದ ದಾಟಿಸಿ ಬಿ ಒತ್ತಿ. ಎ ಮತ್ತೆ ಹೆಬ್ಬೆರಳಿಗೆ. ಹೆಸರಿನ ಕೊನೆಯಲ್ಲಿ ಎಲ್ಲರೂ ರಾಗ ಎಳೆಯುತ್ತಾರಲ್ಲ, ಅಷ್ಟರಲ್ಲಿ ಕೈಯನ್ನು ಕೊನೆಯ ಸಾಲಿಗೆ ಸರಿಸಿಕೊಳ್ಳಿ: ಎಫ್ ಎಫ್ ಇ ಸಿ ಡಿ ಸಿ, 4 4 3 1 2 1.

ಹೆಸರು ‘ಕಾವ್ಯ’ ಆದರೆ ಬಿ ಎ ಸಾಕು. ‘ಅನನ್ಯ’ ಆದರೆ ಬಿಯನ್ನೇ ಎರಡಾಗಿ ಒಡೆಯಿರಿ.

ಎಡಗೈಗೆ ಮೊದಲ ವಾರ ಕಾರ್ಡ್ (ಒಟ್ಟಿಗೇ ಒತ್ತುವ ಸ್ವರಗಳ ಗುಂಪು) ಬೇಡ, ಬಾರ್‌ಗೊಂದು ಸ್ವರ ಸಾಕು: ಸಿ, ಜಿ, ಜಿ, ಸಿ, ಸಿ, ಎಫ್, ಸಿ, ಸಿ. ಏಳನೇ ಬಾರ್‌ನ ಮೂರನೇ ಎಣಿಕೆಗೆ ಮಾತ್ರ ಒಂದು ಜಿ ಸೇರಿಸಿ. ಕಿರುಬೆರಳು ಸಿ ಮೇಲಿದ್ದರೆ ಹೆಬ್ಬೆರಳು ಜಿಗೆ, ತೋರುಬೆರಳು ಎಫ್‌ಗೆ ತಾನಾಗಿ ಸಿಗುತ್ತದೆ, ಕೈ ಕದಲಿಸಬೇಕಾಗಿಲ್ಲ. ಕಾರ್ಡ್‌ಗೆ ಬಂದಾಗಲೂ ಕೈ ಅಲ್ಲೇ ಇರಲಿ: ಸಿ-ಇ-ಜಿ, ಬಿ-ಡಿ-ಜಿ, ಸಿ-ಎಫ್-ಎ.

ಮಂದಿ ಸೇರಿ ಹಾಡುವಾಗ ಈ ಶ್ರುತಿ ಎತ್ತರವಾಗುತ್ತದೆ, ಮೂರನೇ ಸಾಲಿನಲ್ಲಿ ದನಿ ಕೀರಲಾಗುತ್ತದೆ. ಕೀಬೋರ್ಡಿನ ಶ್ರುತಿ ಏರಿಸಿ ಇಳಿಸುವ ಟ್ರಾನ್ಸ್‌ಪೋಸ್ ಅನ್ನು ಮೈನಸ್ 7ಕ್ಕೆ ಇಟ್ಟು, ಕೊನೆಯ ಸಾಲನ್ನು ಒಮ್ಮೆ ನುಡಿಸಿ ಶ್ರುತಿ ಹಿಡಿಸಿ. ಬೆರಳು ಅದೇ ಜಿ ಒತ್ತುತ್ತದೆ, ಕೇಳಿಸುವುದು ಮಧ್ಯದ ಸಿ.