ಮೊದಲೇ ಹೇಳಿದ್ದರೆ...

ಉಪ್ಪಿಟ್ಟಿಗೆ ಅಂತ ಈರುಳ್ಳಿ ಹೆಚ್ಚಿದೆ. ಮನೆಯಲ್ಲಿ ಇದ್ದದ್ದೇ ಒಂದು, ಅದೂ ಒಳಗೆಲ್ಲ ಕೊಳೆತಿತ್ತು. ಸುಮ್ನೆ 2019 ನೆನಪಾಯಿತು. ಸೆಪ್ಟೆಂಬರ್ ಕೊನೆಗೆ ನಮ್ಮ ಸರ್ಕಾರ ಈರುಳ್ಳಿ ರಫ್ತನ್ನು ದಿಢೀರನೆ ನಿಲ್ಲಿಸಿತ್ತು. ಕೆಲವೇ ದಿನಕ್ಕೆ ದೆಹಲಿಗೆ ಬಂದ ಬಾಂಗ್ಲಾದೇಶದ ಆಗಿನ ಪ್ರಧಾನಿ ಶೇಖ್ ಹಸೀನಾ, ಅಡುಗೆಗೆ ಈರುಳ್ಳಿ ಹಾಕಬೇಡಿ ಅಂತ ಅಡುಗೆಯವರಿಗೆ ಹೇಳಿಬಿಟ್ಟಿದ್ದೇನೆ ಎಂದು ಹಿಂದಿಯಲ್ಲೇ ತಮಾಷೆ ಮಾಡಿದರು. ಸಭೆಯೆಲ್ಲ ನಕ್ಕಿತು. ಜೊತೆಗೆ ಅವರು ಕೇಳಿದ್ದು ಇಷ್ಟೇ: ನಿಲ್ಲಿಸೋದಿದ್ದರೆ ಮೊದಲೇ ತಿಳಿಸಿ. ಜಾಸ್ತಿ ಏನಲ್ಲ, ಅಲ್ವಾ?

2020ರ ಸೆಪ್ಟೆಂಬರಿನಲ್ಲಿ ಮತ್ತೆ ಅದೇ ಕಥೆ. ಗಡಿಯಲ್ಲಿ ಲಾರಿಗಳು ಸಾಲುಗಟ್ಟಿ ನಿಂತವು, ತುಂಬಿದ್ದ ಈರುಳ್ಳಿ ಕೊಳೆಯತೊಡಗಿತು. ಢಾಕಾದಿಂದ ಪತ್ರ ಬಂದ ಮೇಲೆ 25,000 ಟನ್ ಕಳಿಸಲು ಒಪ್ಪಿಗೆ ಸಿಕ್ಕಿತು.

ಕೊನೆಗೆ ಪಕ್ಕದ ಮನೆಯ ಆಂಟಿ ಹತ್ತಿರ ಎರಡು ಈರುಳ್ಳಿ ಇಸ್ಕೊಂಡು ಬಂದೆ. ಅಷ್ಟರಲ್ಲಿ ರವೆ ಸೀದಿತ್ತು.