ಹೆದರಿಕೆಯಾಗಲಿಲ್ಲವೇ ಎಂದು ಕೇಳುವವರಿಗೆ

"ಜಪಾನಿನಲ್ಲಿ ಸತ್ತವರ ಮೂಳೆಯನ್ನು ಚಾಪ್‌ಸ್ಟಿಕ್‌ನಿಂದ ಎತ್ತಿದೆಯಂತೆ, ಹೆದರಿಕೆಯಾಗಲಿಲ್ಲವೇ?" ಈ ಪ್ರಶ್ನೆಗೆ ಬಾಯಿಮಾತಿನಲ್ಲಿ ಉತ್ತರಿಸುವುದನ್ನು ಇಂದಿಗೆ ನಿಲ್ಲಿಸಿದ್ದೇನೆ. ಹೌದು, ಎತ್ತಿದೆ. ಇಲ್ಲ, ಹೆದರಿಕೆಯಾಗಲಿಲ್ಲ. ಇಲ್ಲ, ಕೈಗವಸು ಹಾಕಿಕೊಂಡಿರಲಿಲ್ಲ. ಹೌದು, ಆ ದಿನ ಊಟವನ್ನೂ ಮಾಡಿದೆ. ಆ ಕಡ್ಡಿಗಳಲ್ಲಲ್ಲ, ಬೇರೆಯವುಗಳಲ್ಲಿ.

ಹಾಸನದ ಒಂದು ಮದುವೆಯಲ್ಲಿ ದೂರದ ಸಂಬಂಧಿಯೊಬ್ಬರು, ಹೋಳಿಗೆಗೆ ತುಪ್ಪ ಬಡಿಸಿಕೊಳ್ಳುತ್ತಲೇ, ಪಂಕ್ತಿಯ ಆ ತುದಿಯಿಂದ ಇದನ್ನು ಕೂಗಿ ಕೇಳಿದರು. ಮಗ್ಗುಲಲ್ಲಿದ್ದ ಹಿರಿಯರು "ಶುಭಕಾರ್ಯದಲ್ಲಿ ಅದೆಲ್ಲ ಏಕೆ?" ಎಂದು ಗದರಿದ್ದು ಕೇಳಿದವರನ್ನಲ್ಲ, ನನ್ನನ್ನು.

ನಾನು ಒಕಾಯಾಮಾದಲ್ಲಿ ಒಂದು ವರ್ಷ ವಿನಿಮಯ ವಿದ್ಯಾರ್ಥಿನಿಯಾಗಿದ್ದೆ. ಉಳಿದುಕೊಂಡಿದ್ದ ಮನೆಯ ಅಜ್ಜಿ ಫೆಬ್ರುವರಿಯ ನಡುವಿನಲ್ಲಿ ತೀರಿಕೊಂಡರು. ಹೆದರಿಕೆಯೆಂಬುದು ಆಗಿದ್ದರೆ ಅದು ದಹನದ ಹಿಂದಿನ ರಾತ್ರಿಯ ಜಾಗರಣೆಯಲ್ಲಿ, ಒಂದು ಲಕೋಟೆಯಿಂದಾಗಿ. ಸಾವಿನ ಮನೆಗೆ ಕೊಡುವ ಹಣವನ್ನು ನಾನು ಮರ್ಯಾದೆಯೆಂದು ಭಾವಿಸಿ ಗರಿಗರಿಯಾದ ಹೊಸ ನೋಟುಗಳಲ್ಲಿ ಇಟ್ಟಿದ್ದೆ. ಮನೆಯೊಡತಿ ಅದನ್ನು ನೋಡಿ, ಏನೂ ಅನ್ನದೆ, ನೋಟುಗಳನ್ನು ಹೊರತೆಗೆದು ನಡುವೆ ಒಂದು ಮಡಿಕೆ ಹಾಕಿ ಮರಳಿ ಇಟ್ಟರು. ಹೊಸ ನೋಟೆಂದರೆ ಸಾವಿಗಾಗಿ ಮೊದಲೇ ಸಿದ್ಧವಾಗಿ ಕಾದಿದ್ದೆವು ಎಂದು ಅರ್ಥವಂತೆ. ಆ ಮನೆಯವರದು ಶಿಂಗೋನ್ ಎಂಬ ಬೌದ್ಧ ಪಂಥ. ಪುರೋಹಿತರ ಮಂತ್ರದಲ್ಲಿ ಸಂಸ್ಕೃತದ 'ಮಣಿ ಪದ್ಮ' ಎಂಬುದು 'ಮಾನಿ ಹಂದೊಮಾ' ಎಂದು ಕೇಳಿಸಿತು. ಇದು ನಿನ್ನ ದೇಶದ ಮಾತಲ್ಲವೇ, ಅರ್ಥವೇನು ಎಂದು ನೆಂಟರು ಕೇಳಿದಾಗ, ಅಂಕಗಳಿಗಾಗಿ ಪಿಯುಸಿಯಲ್ಲಿ ಸಂಸ್ಕೃತ ತೆಗೆದುಕೊಂಡು ಉತ್ತರಗಳನ್ನು ಕನ್ನಡದಲ್ಲಿ ಬರೆದು ಪಾಸಾದವಳು ಏನು ಹೇಳಬೇಕು?

ಇನ್ನು ಮೂಳೆಯ ವಿಷಯ. ಅನಿಲದ ಕುಲುಮೆಯಿಂದ ಹೊರಬಂದ ತಟ್ಟೆಯ ಸುತ್ತ ನಾವೆಲ್ಲ ನಿಂತೆವು. ಇಬ್ಬರು ಜೊತೆಯಾಗಿ, ತಮ್ಮ ತಮ್ಮ ಕಡ್ಡಿಗಳಿಂದ ಒಂದೇ ಮೂಳೆಯನ್ನು ಹಿಡಿದು ಭರಣಿಗೆ ಹಾಕಬೇಕು. ಸತ್ತವರು ಅದರೊಳಗೆ ತಲೆಕೆಳಗಾಗದಿರಲೆಂದು ಪಾದದ ಮೂಳೆಯಿಂದ ಆರಂಭಿಸಿ ಮೇಲಕ್ಕೆ ಹೋಗಬೇಕು. ಧ್ಯಾನಕ್ಕೆ ಕುಳಿತ ಬುದ್ಧನಂತೆ ಕಾಣುವ ಕತ್ತಿನ ಎರಡನೆಯ ಮೂಳೆಯನ್ನು ಮಗ ಇಟ್ಟರು. ನನಗೆ ಜೊತೆಯಾದವನು ಹತ್ತು ವರ್ಷದ ಮೊಮ್ಮಗ. ನನ್ನ ಕೈ ನಡುಗಿದಾಗ ಅವನು "ಮೆಲ್ಲಗೆ" ಎಂದು ಪಿಸುಗುಟ್ಟಿದ. ಇಷ್ಟೇ ನಡೆದದ್ದು.

ಮೊದಲ ತಿಂಗಳಲ್ಲಿ ಊಟದ ವೇಳೆ ಆ ಅಜ್ಜಿ ನೀಡಿದ ಮೂಲಂಗಿ ಉಪ್ಪಿನಕಾಯಿಯನ್ನು ನಾನು ಕಡ್ಡಿಯಿಂದ ಕಡ್ಡಿಗೆ ತೆಗೆದುಕೊಳ್ಳಲು ಹೋದಾಗ ಅವರು ನನ್ನ ಮಣಿಕಟ್ಟಿನ ಮೇಲೆ ಫಟ್ಟನೆ ಹೊಡೆದಿದ್ದರು. ಏಕೆಂದು ತಿಳಿದದ್ದು ಆ ತಟ್ಟೆಯ ಮುಂದೆ.

ಹೆದರಬೇಕಾಗಿತ್ತು ಎಂದು ಹೇಳುವವರಿಗೆ ಒಂದು ಮಾತು. ನನ್ನ ಸ್ವಂತ ಅಜ್ಜಿ ಹೋದಾಗ ನನಗೆ ಹದಿನಾರು ವರ್ಷ. ಹೆಂಗಸರು ಸ್ಮಶಾನಕ್ಕೆ ಬರುವಂತಿಲ್ಲವೆಂದು ನಮ್ಮನ್ನು ಹಿತ್ತಿಲಲ್ಲಿ ಸ್ನಾನಕ್ಕೆ ಸಾಲಾಗಿ ನಿಲ್ಲಿಸಿದರು. ಮೂರನೆಯ ದಿನ ಗಂಡಸರು ಅಸ್ಥಿ ಆಯ್ದು ತಂದ ಮಡಕೆಗೆ ಹೊಸ್ತಿಲು ದಾಟಲು ಅವಕಾಶವಿರಲಿಲ್ಲ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಒಯ್ಯುವವರೆಗೆ ಅದು ಬಟ್ಟೆ ಕಟ್ಟಿಸಿಕೊಂಡು ಅಂಗಳದ ಮರಕ್ಕೆ ನೇತಾಡುತ್ತಿತ್ತು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಆ ಮಡಕೆಗೆ ನಾನು ಹೆದರಿದ್ದೆ. ಒಕಾಯಾಮಾದ ಭರಣಿ ನಲವತ್ತೊಂಬತ್ತು ದಿನಗಳವರೆಗೆ ಮನೆಯೊಳಗೆ, ನಾನು ಮಲಗುತ್ತಿದ್ದ ಕೋಣೆಯ ಪಕ್ಕದಲ್ಲೇ ಇರಬೇಕಾಗಿತ್ತು. ಇದನ್ನು ಹೇಳಿದರೆ ಪ್ರಶ್ನೆ ಇನ್ನೊಂದು ಸುತ್ತು ಬರುತ್ತದೆಂದು ಇದುವರೆಗೆ ಯಾರಿಗೂ ಹೇಳಿರಲಿಲ್ಲ.

ಇಷ್ಟು ಜನ ಕೇಳಿದರಲ್ಲ, ಸತ್ತವರು ಯಾರು ಎಂದು ಒಬ್ಬರಾದರೂ ಕೇಳಲಿಲ್ಲ. ಮೂಳೆ ಬೇಕು, ಮೂಳೆಯೊಡತಿ ಬೇಡ! ಒಕಾಯಾಮಾ ಬಿಳಿ ಪೀಚ್ ಹಣ್ಣಿಗೆ ಹೆಸರಾದ ಸೀಮೆ; ಅಲ್ಲಿ ಎಳೆಗಾಯಿ ಇರುವಾಗಲೇ ಒಂದೊಂದಕ್ಕೂ ಕಾಗದದ ಚೀಲ ಕಟ್ಟುತ್ತಾರೆ. ಎಂಬತ್ತು ದಾಟಿದ್ದ ಅಜ್ಜಿ ಮನೆಯ ಹಿಂದಿನ ಮೂರು ಮರಗಳಿಗೆ ಏಣಿ ಹಾಕಿಕೊಂಡು ತಾವೇ ಕಟ್ಟುತ್ತಿದ್ದರು, ಮತ್ತು ನಾನು ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದರು. ನನ್ನ ಜಪಾನೀ ಭಾಷೆಯನ್ನು ಹೊಗಳದಿದ್ದವರು ಆ ಊರಿನಲ್ಲಿ ಅವರೊಬ್ಬರೇ. ಬೆಳಿಗ್ಗೆ ಹೊರಡುವಾಗ ನಾನು "ಇತ್ತೆಕಿಮಾಸು" ಎನ್ನಬೇಕು, ಅವರು "ಇತ್ತೆರಾಶ್ಶಾಯ್" ಎನ್ನಬೇಕು. ಮೊದಲನೆಯದು ಹೋಗಿ ಬರುತ್ತೇನೆ, ಎರಡನೆಯದು ಹೋಗಿ ಬಾ. ನಮ್ಮ ಹಾಗೆಯೇ ಅವರಿಗೂ ಬರಿದೇ "ಹೋಗುತ್ತೇನೆ" ಎಂದರೆ ಆಗದು. ಒಮ್ಮೆ ಬಸ್ಸಿನ ಅವಸರದಲ್ಲಿ ಹೇಳದೆ ಓಡಿದ್ದಕ್ಕೆ ಸಂಜೆ ಚಹಾ ಕೊಡಲಿಲ್ಲ.

ಮಾರ್ಚ್ ಕೊನೆಯಲ್ಲಿ ನಾನು ಊರಿಗೆ ಹೊರಟಾಗ ನಲವತ್ತೊಂಬತ್ತು ದಿನಗಳು ಇನ್ನೂ ತುಂಬಿರಲಿಲ್ಲ. ಸಾವಿನ ಮನೆಯಿಂದ ಹೊರಡುವಾಗ "ಹೋಗಿ ಬರುತ್ತೇನೆ" ಎನ್ನಬಾರದೆಂದು ಅಮ್ಮ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಳು. ಭರಣಿಯ ಮುಂದೆ ಊದುಕಡ್ಡಿ ಹಚ್ಚಿ, ಪೆಟ್ಟಿಗೆಯನ್ನು ಬಾಗಿಲಲ್ಲಿಟ್ಟು ಮತ್ತೆ ಒಳಗೆ ಬಂದು, ಅದನ್ನೇ ಹೇಳಿದೆ.