ಹದಿನೆಂಟನೇ ಬೀದಿಯ ಟಮಾಲೆ

ಶಿಕಾಗೋದಲ್ಲಿ ಇವತ್ತು ಪಿಂಕ್ ಲೈನ್ ರೈಲು ಹತ್ತಿ ಸುಮ್ನೆ ಪಿಲ್ಸೆನ್ ಅನ್ನೋ ಬಡಾವಣೆಗೆ ಹೋಗಿದ್ದೆ. ಸ್ಟೇಷನ್ ಮೆಟ್ಟಿಲುಗಳ ಮೇಲೂ ಬಣ್ಣಬಣ್ಣದ ಮೆಕ್ಸಿಕನ್ ಚಿತ್ರಗಳು. ಹೊರಗೆ ಒಬ್ಬ ಅಜ್ಜಿ ಟಮಾಲೆ ಅನ್ನೋ ಮೆಕ್ಸಿಕನ್ ತಿಂಡಿ ಮಾರುತ್ತಿದ್ದರು. ಮೆಕ್ಕೆಜೋಳದ ಸಿಪ್ಪೆ ಬಿಡಿಸಿದರೆ ಬಿಸಿ ಹಬೆ, ಥೇಟ್ ನಮ್ಮ ಕೊಟ್ಟೆ ಕಡುಬು! ನನ್ನ ಮುಖ ನೋಡಿ ಅವರು ಸ್ಪ್ಯಾನಿಷ್‌ನಲ್ಲೇ ಮಾತಾಡಿದರು. ನಾನು ತಲೆಯಾಡಿಸಿದೆ, ಇನ್ನೇನು ಮಾಡೋದು.

2020ರ ಜನಗಣತಿ ಪ್ರಕಾರ ಇಡೀ ಶಿಕಾಗೋದಲ್ಲಿ ನೂರಕ್ಕೆ ಸುಮಾರು 30 ಜನ ಲ್ಯಾಟಿನೋ, ಅಂದ್ರೆ ಲ್ಯಾಟಿನ್ ಅಮೆರಿಕ ಮೂಲದವರು. ಆದರೆ ಆ 30 ಊರಿಡೀ ಸಮನಾಗಿ ಹರಡಿಲ್ಲ. ಪಕ್ಕದ ಲಿಟಲ್ ವಿಲೇಜ್ ಬಡಾವಣೆಯಲ್ಲಿ ಬಹುಪಾಲು ಅವರೇ. ಅದಕ್ಕೆ ಅಂಟಿಕೊಂಡೇ ಇರುವ ನಾರ್ತ್ ಲಾನ್‌ಡೇಲ್‌ನಲ್ಲಿ ಕಪ್ಪು ಜನರೇ ಜಾಸ್ತಿ. ನಡುವೆ ಗೋಡೆ ಏನಿಲ್ಲ, ಒಂದು ರೈಲು ಹಳಿ ಅಷ್ಟೇ.

ಪಿಲ್ಸೆನ್ ಅನ್ನೋ ಹೆಸರೇ ಚೆಕ್ ವಲಸಿಗರು ತಮ್ಮ ಊರಿನ ನೆನಪಿಗೆ ತಂದಿದ್ದು. ಅವರು ಹೋದರು, ಮೆಕ್ಸಿಕನ್ನರು ಬಂದರು. ಈಗ ಬಾಡಿಗೆ ಏರಿ ಅವರೂ ಕಮ್ಮಿಯಾಗುತ್ತಿದ್ದಾರೆ. ಟಮಾಲೆ ಗಾಡಿಯ ಎದುರಿಗೇ ಹೊಸ ಕಾಫಿ ಅಂಗಡಿ, ಅಲ್ಲಿ ಒಂದು ಕಪ್‌ಗೆ ನನ್ನ ಮೂರು ಟಮಾಲೆ ದುಡ್ಡು.

ಇನ್ನೆರಡು ಕಟ್ಟಿಸಿಕೊಂಡು ಬಂದೆ. ರೈಲಲ್ಲೇ ಖಾಲಿ.